ಪುಂಡಿ, ಗಟ್ಟಿ ಮತ್ತು ಆಟಿಯ ಮಳೆ

ನಮ್ಮ ಸಾಕು ಇಲಿ ಪುಂಡಿಯ ಕಣ್ಣಿನಿಂದ ರಕ್ತ ಬರುತ್ತಿದೆ ಎಂದು ಮಗಳು ಅಡುಗೆಮನೆಗೆ ಓಡಿಬಂದದ್ದು ಆಟಿ ತಿಂಗಳ (ತುಳುವರ ಜುಲೈ-ಆಗಸ್ಟ್ ಹೊತ್ತಿನ ಮಳೆಯ ತಿಂಗಳು) ಒಂದು ಬೆಳಿಗ್ಗೆ. ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಹೋಗಿ ನೋಡಿದೆ. ಬಿಳಿ ಇಲಿಯ ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಕುಂಕುಮ ಒರೆಸಿದ ಹಾಗೆ ಕೆಂಪು. ಮುಖ ಉಜ್ಜಿಕೊಂಡು ಮುಂಗಾಲಿನ ಒಳಬದಿಗೂ ಅದೇ ಬಣ್ಣ ಹತ್ತಿತ್ತು. ಒದ್ದೆ ಹತ್ತಿಯಿಂದ ಮೆಲ್ಲ ಒರೆಸಿದೆ. ಎಲ್ಲೂ ಗಾಯ ಇರಲಿಲ್ಲ.

ಅದು ರಕ್ತ ಅಲ್ಲ ಅಂತ ಆಮೇಲೆ ತಿಳಿಯಿತು. ಇಲಿಯ ಕಣ್ಣಿನ ಹಿಂದೆ ಹಾರ್ಡೇರಿಯನ್ ಎಂಬ ಗ್ರಂಥಿ ಇದೆ. ಅದರ ಸ್ರಾವದಲ್ಲಿ ಪೋರ್ಫಿರಿನ್ ಎಂಬ ಕೆಂಪು ಬಣ್ಣ ಇರುತ್ತದೆ. ನಿದ್ದೆಯಿಂದ ಎದ್ದಾಗ ಒಂದು ಚೂರು ಕಂಡರೆ ಹೆದರಬೇಕಿಲ್ಲ, ಇಲಿ ತಾನೇ ಒರೆಸಿಕೊಳ್ಳುತ್ತದೆ. ಜಾಸ್ತಿಯಾಗಿ ಒಣಗಿ ಅಂಟಿಕೊಂಡಿದ್ದರೆ ಮಾತ್ರ ಅದಕ್ಕೆ ಹುಷಾರಿಲ್ಲ, ಇಲ್ಲವೇ ಏನೋ ಹೆದರಿಕೆ, ಒತ್ತಡ ಇದೆ ಅಂತ ಅರ್ಥ. ಪುಂಡಿ ಸೀನುತ್ತಲೂ ಇತ್ತು. ಎತ್ತಿ ಕಿವಿಯ ಹತ್ತಿರ ಹಿಡಿದೆ. ಪಕ್ಕೆಯ ಒಳಗಿಂದ ಸಣ್ಣದಾಗಿ ಗೊರ ಗೊರ ಶಬ್ದ ಕೇಳಿಸಿತು.

ನಮ್ಮದು ಉಡುಪಿಯ ಅಂಬಲಪಾಡಿ ಕಡೆ ಹಂಚಿನ ಮಾಡಿನ ಹಳೆ ಮನೆ. ಆ ವರ್ಷ ಜನವರಿಯಲ್ಲಿ ಮಂಗಳೂರಿನಿಂದ ಎರಡು ಹೆಣ್ಣು ಮರಿ ತಂದಿದ್ದೆವು. ಒಂದು ಪೂರ್ತಿ ಬಿಳಿ, ಇನ್ನೊಂದಕ್ಕೆ ತಲೆ ಮತ್ತು ಬೆನ್ನು ಬೂದು. ಬಿಳಿಯದು ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ, ನಮ್ಮ ಪುಂಡಿಯ ಹಾಗೆ ಉರುಟಾಗಿ ಮಲಗುತ್ತಿತ್ತು, ಮಗಳು ಅದನ್ನೇ ಹೆಸರು ಮಾಡಿದಳು. ಇನ್ನೊಂದು ಗಟ್ಟಿ ಆಗಲೇಬೇಕಲ್ವಾ, ಅದೂ ನಮ್ಮ ಕಡೆಯ ಅಕ್ಕಿ ತಿಂಡಿಯೇ. ಎರಡು ತಂದದ್ದು ಬೇಕೆಂದೇ. ಇಲಿ ಗುಂಪಿನಲ್ಲಿ ಬದುಕುವ ಜೀವ, ಒಂಟಿಯಾಗಿಟ್ಟರೆ ಮಂಕಾಗುತ್ತದೆ. ಎರಡೂ ಹೆಣ್ಣು ಹೌದಾ ಅಂತ ಪಶುವೈದ್ಯರ ಹತ್ತಿರ ನೋಡಿಸಿದೆ. ಐದಾರು ವಾರಕ್ಕೇ ಮರಿ ಹಾಕುವ ಪ್ರಾಯ ಬರುತ್ತದೆ, ಗರ್ಭ ನಿಂತರೆ 22 ದಿನಕ್ಕೆ ಎಂಟು ಹತ್ತು ಮರಿ. ಇದನ್ನು ಅಂಗಡಿಯವರ ಬಾಯಿಮಾತಿಗೆ ಬಿಡಬಾರದು.

ಪುಂಡಿಗೆ ಆದದ್ದಕ್ಕೆ ಕಾರಣ ನಾನು ಹಾಸಿದ್ದ ಮರದ ಹುಡಿ. ಹತ್ತಿರದ ಮರದ ಮಿಲ್ಲಿನಲ್ಲಿ ಸುಮ್ನೆ ಕೊಡುತ್ತಾರೆ ಅಂತ ಗೋಣಿಯಲ್ಲಿ ತಂದು ಹಾಸುತ್ತಿದ್ದೆ. ಬೇಸಿಗೆಯಲ್ಲಿ ಅದರ ಧೂಳು ಹಾರುತ್ತಿತ್ತು. ಮಳೆ ಬಂದ ಮೇಲೆ ತೇವ ಹೀರಿ ಒಳಗಿಂದ ಹುಳಿ ವಾಸನೆ. ಅದರ ಮೇಲೆ ಮೂತ್ರ ಬಿದ್ದು ಅಮೋನಿಯಾ ಏಳುತ್ತದೆ. ನಮ್ಮ ಮೂಗಿಗೆ ವಾಸನೆ ಬರುವ ಹೊತ್ತಿಗೆ, ನೆಲಕ್ಕೆ ಮೂಗು ಹಚ್ಚಿ ಬದುಕುವ ಇಲಿಗೆ ಅದು ಎಷ್ಟಾಗಿರಬೇಡ. ಸಾಕು ಇಲಿಗಳ ಶ್ವಾಸಕೋಶದಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರುವುದು ತೀರಾ ಸಾಮಾನ್ಯ. ಗಾಳಿ ಚೆನ್ನಾಗಿದ್ದರೆ ಸುಮ್ಮನಿರುತ್ತದೆ. ಅಮೋನಿಯಾ, ಧೂಳು ಸಿಕ್ಕಿದರೆ ತಲೆ ಎತ್ತುತ್ತದೆ.

ವೈದ್ಯರು ಪುಂಡಿಯನ್ನು ತೂಗಿ, ತೂಕಕ್ಕೆ ಸರಿಯಾಗಿ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. 280 ಗ್ರಾಂ ಇತ್ತು. ಸಣ್ಣ ಸಿರಿಂಜಿನಲ್ಲಿ, ಸೂಜಿ ಇಲ್ಲದೆ, ಮೊಸರಿನ ಜೊತೆ ಬಾಯಿಯ ಪಕ್ಕಕ್ಕೆ ಕೊಟ್ಟೆ. ಎರಡು ಹೊತ್ತು, ಮೂರು ವಾರ. ನಾಲ್ಕನೇ ದಿನಕ್ಕೆ ಸಿರಿಂಜ್ ಕಂಡರೆ ತಾನೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಅಲ್ಲಿಂದ ನಾನು ಎಲ್ಲವನ್ನೂ ಬದಲಾಯಿಸಿದೆ. ಇಲಿ ಸಾಕುವ ಬಗ್ಗೆ ಸಿಗುವ ಸಲಹೆ ಹೆಚ್ಚಿನದೂ ಚಳಿ ದೇಶದವರದ್ದು. ಬೆಚ್ಚಗಿಡಿ, ಗಾಳಿ ಬೀಸದ ಹಾಗೆ ಮುಚ್ಚಿಡಿ ಅನ್ನುತ್ತಾರೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಿನಲ್ಲಿ ಹಾಗೆ ಮಾಡಿದರೆ ಇಲಿ ಉಳಿಯಲಿಕ್ಕಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಗಾಳಿ ಮತ್ತು ತೇವ. ಊಟ, ಆಟ ಎಲ್ಲ ಅದರ ನಂತರ.

ಗಾಜಿನ ತೊಟ್ಟಿಯಲ್ಲಿ ಸಾಕುವವರಿದ್ದಾರೆ. ದಯವಿಟ್ಟು ಬೇಡ, ಒಳಗೆ ಗಾಳಿ ನಿಂತುಬಿಡುತ್ತದೆ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಗೂಡು ಮಾಡಿಸಿದೆ. ಸರಳುಗಳ ನಡುವೆ ಅರ್ಧ ಇಂಚು ಮಾತ್ರ. ಪೌಡರ್ ಕೋಟಿಂಗ್ ಹಾಕಿಸಲೇಬೇಕು, ಇಲ್ಲದಿದ್ದರೆ ಮೂತ್ರ ಮತ್ತು ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು. ನೆಲ ಜಾಲರಿಯದ್ದು ಆಗಬಾರದು, ಪಾದದಲ್ಲಿ ಹುಣ್ಣಾಗುತ್ತದೆ. ತೂತಿಲ್ಲದ ತಟ್ಟೆ ಹಾಕಿಸಿ, ಅದರ ಮೇಲೆ ಹಳೆ ಲುಂಗಿಯ ಎರಡು ಪದರ ಹಾಸುತ್ತೇನೆ. ಅಂಚು ಹೊಲಿದಿರಬೇಕು. ನೂಲು ಬಿಟ್ಟುಕೊಂಡರೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಂದು ಮೂಲೆಗೆ ಕಾಗದದ ಚೂರು ತುಂಬಿದ ತಟ್ಟೆ ಇಟ್ಟಿದ್ದೇನೆ, ಹಿಕ್ಕೆ ಹೆಚ್ಚಾಗಿ ಅಲ್ಲೇ ಹಾಕುತ್ತವೆ. ಮಳೆಗಾಲದಲ್ಲಿ ಬಟ್ಟೆ ದಿನಾ ಬದಲು. ಒಣಗುವುದಿಲ್ಲವಲ್ಲ, ಅದಕ್ಕೆ ಹನ್ನೆರಡು ಜೊತೆ ಹೊಲಿದಿಟ್ಟು, ಒಗೆದದ್ದಕ್ಕೆ ಇಸ್ತ್ರಿ ಹಾಕಿಯೇ ಹಾಸುತ್ತೇನೆ.

ಇನ್ನೊಂದು ವಿಷಯ ನಮ್ಮ ಕಡೆಯವರು ಗಮನಿಸುವುದೇ ಇಲ್ಲ. ಸಂಜೆಯಾದರೆ ಸೊಳ್ಳೆ ಬತ್ತಿ, ಶುಕ್ರವಾರ ಧೂಪ, ಮಳೆಗಾಲದಲ್ಲಿ ಕಪಾಟಿಗೆ ನಾಫ್ತಲಿನ್ ಉಂಡೆ. ಇವು ಮೂರೂ ಇಲಿಯ ಕೋಣೆಗೆ ಬರಬಾರದು. ನಾನು ಗೂಡಿನ ಸುತ್ತ ಸೊಳ್ಳೆ ಪರದೆ ಕಟ್ಟಿದೆ. ನಾಲ್ಕೂ ಕಡೆ ಒಂದು ಗೇಣು ದೂರ ಇರಬೇಕು, ಇಲ್ಲದಿದ್ದರೆ ರಾತ್ರಿಗೇ ಎಳೆದು ಒಳಗೆ ಹಾಸಿಗೆ ಮಾಡಿಕೊಳ್ಳುತ್ತವೆ.

ಬೇಸಿಗೆಯದ್ದು ಇನ್ನೊಂದು ಕತೆ. ಇಲಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ಮೈಯ ಬಿಸಿಯನ್ನು ಮುಖ್ಯವಾಗಿ ಬಾಲದಿಂದಲೇ ಹೊರಹಾಕುತ್ತದೆ. ಏಪ್ರಿಲ್ ಮೇಯಲ್ಲಿ ಬಾಲ ಮುಟ್ಟಿ ನೋಡಿ, ಬಿಸಿ ಗೊತ್ತಾಗುತ್ತದೆ. 26 ಡಿಗ್ರಿಯ ಒಳಗೆ ಅವಕ್ಕೆ ಹಿತ. ನಮ್ಮಲ್ಲಿ ಮಧ್ಯಾಹ್ನ 33 ದಾಟುತ್ತದೆ, ಅದರ ಮೇಲೆ ಕರೆಂಟ್ ಹೋಗುತ್ತದೆ. ಉಳಿದ ಟೈಲ್ಸ್ ತುಂಡುಗಳನ್ನು ಫ್ರಿಜ್ಜಿನಲ್ಲಿಟ್ಟು ಒಂದೊಂದಾಗಿ ಗೂಡಿನೊಳಗೆ ಹಾಕುತ್ತೇನೆ. ಗಟ್ಟಿ ಅದರ ಮೇಲೆ ಹೊಟ್ಟೆ ಅಂಟಿಸಿ, ನಾಲ್ಕೂ ಕಾಲು ಚಾಚಿ ಮಲಗುತ್ತಿತ್ತು. ಫ್ಯಾನಿನ ಗಾಳಿ ನೇರ ಬಡಿಯಬಾರದು, ಕೋಣೆಯಲ್ಲಿ ಓಡಾಡಿದರೆ ಸಾಕು.

ಇಲಿ ತಂದ ದಿನ ಅತ್ತೆ ಕೇಳಿದ್ದು ಒಂದೇ ಮಾತು. "ಇಲಿ ಜ್ವರ ಬರುದಿಲ್ವಾ?" ಸರಿಯಾದ ಪ್ರಶ್ನೆ. ಕರಾವಳಿಯಲ್ಲಿ ಮಳೆ ಶುರುವಾದರೆ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರದ ಸುದ್ದಿ ಬರುತ್ತಲೇ ಇರುತ್ತದೆ. ರೋಗಾಣು ಇಲಿಯ ಮೂತ್ರದಲ್ಲಿ ಬಂದು ಕೆಸರು, ನಿಂತ ನೀರಿನಲ್ಲಿ ಉಳಿಯುತ್ತದೆ, ಚರ್ಮದ ಗಾಯದಿಂದ ನಮ್ಮೊಳಗೆ ಹೋಗುತ್ತದೆ. ಗೂಡಿನಲ್ಲೇ ಹುಟ್ಟಿ ಬೆಳೆದ ಇಲಿಯಲ್ಲಿ ಆ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ನನಗೆ ಜಾಸ್ತಿ ಚಿಂತೆ ಮನೆಯ ಮಾಡಿನದ್ದು. ಹಂಚಿನ ಕೆಳಗೆ ಪಕ್ಕಾಸಿನ (ಮಾಡಿನ ಮರದ ಪಟ್ಟಿ) ಮೇಲೆ ರಾತ್ರಿ ಓಡಾಡುವ ಇಲಿಗಳು ಬೇರೆಯೇ ಜಾತಿ. ಅವುಗಳ ಮೂತ್ರ ಮೇಲಿಂದ ನೇರ ಗೂಡಿಗೆ ಬೀಳಬಹುದು. ಗೂಡಿನ ಮೇಲೆ ಪ್ಲೈವುಡ್ ಮುಚ್ಚಳ ಇಟ್ಟೆ. ಕಾಳು, ಅಕ್ಕಿ ಎಲ್ಲ ಸ್ಟೀಲ್ ಡಬ್ಬಿಗೆ ಹೋಯಿತು. ತಟ್ಟೆ ತೊಳೆಯುವಾಗ ಕೈಗವಸು, ಮುಟ್ಟಿದ ಮೇಲೆ ಸಾಬೂನು. ಕೈಯಲ್ಲಿ ಗೀರು ಇದ್ದ ದಿನ ಮಗಳು ಗೂಡು ಮುಟ್ಟುವ ಹಾಗಿಲ್ಲ. ಈಗ ಸಾಬೂನು ಹಾಕಿದಳಾ ಅಂತ ಅತ್ತೆಯೇ ನೋಡುತ್ತಾರೆ.

ಊಟಕ್ಕೆ ಕಷ್ಟವಿಲ್ಲ. ಇಲಿಗೆಂದು ಸಿಗುವ ಪೆಲೆಟ್ ಮುಖ್ಯ, ಅದರ ಜೊತೆ ನಮ್ಮದೇ ಅಡುಗೆಯಿಂದ ಉಪ್ಪು ಹಾಕುವ ಮೊದಲು ತೆಗೆದಿಟ್ಟದ್ದು. ಕುಚ್ಚಲಕ್ಕಿ ಅನ್ನ, ಬೇಯಿಸಿದ ಹುರುಳಿ, ಹರಿವೆ, ವಾರಕ್ಕೊಮ್ಮೆ ಮೊಟ್ಟೆ. ಹುರುಳಿಯನ್ನು, ಹಲಸಿನ ಬೀಜವನ್ನು ಹಸಿಯಾಗಿ ಕೊಡಬಾರದು. ಒಣಮೀನು ಬೇಡ, ಉಪ್ಪು ಜಾಸ್ತಿ. ತೆಂಗಿನಕಾಯಿ ಚೂರು ಕೊಟ್ಟರೆ ಕುಣಿಯುತ್ತವೆ, ಆದರೆ ಕೊಬ್ಬು. ಹಾಗಾಗಿ ಉಗುರಿನಷ್ಟೇ. ಹಾಳಾದದ್ದನ್ನು ಯಾವತ್ತೂ ಹಾಕಬೇಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊರಗೆ ಬಾರದು. ಹಲ್ಲು ಬೆಳೆಯುತ್ತಲೇ ಇರುತ್ತದಲ್ಲ, ಕಡಿಯಲು ಗೆರಟೆ (ತೆಂಗಿನ ಚಿಪ್ಪು) ಇಡುತ್ತೇನೆ. ನಾರು ಪೂರ್ತಿ ಕೆರೆದು ತೆಗೆದ ಗೆರಟೆ. ಅರ್ಧ ಗೆರಟೆ ಮಗುಚಿ, ಬದಿಯಲ್ಲಿ ಒಂದು ಬಾಗಿಲು ಕೊರೆದರೆ ಮನೆಯೂ ಆಯಿತು.

ಸಣ್ಣ ಚಿಕ್ಕಿಲಿಗಳನ್ನೂ (ಇಂಗ್ಲಿಷಿನ ಮೌಸ್) ಒಂದು ವರ್ಷ ಸಾಕಿದ್ದೆ. ಚಂದದ ಜೀವ, ಆದರೆ ಗಾತ್ರಕ್ಕೆ ಮೀರಿದ ವಾಸನೆ. ಎರಡು ಗಂಡು ಒಟ್ಟಿಗಿದ್ದರೆ ರಕ್ತ ಬರುವಷ್ಟು ಕಚ್ಚಾಡುತ್ತವೆ. ಕೈಗೆ ಹೊಂದಿಕೊಳ್ಳುವುದೂ ನಿಧಾನ. ಮಕ್ಕಳಿರುವ ಮನೆಗೆ ದೊಡ್ಡ ಇಲಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಗಟ್ಟಿ ಎರಡು ವರ್ಷಕ್ಕೆ ಹೋಯಿತು. ತೋಳಿನ ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ ಎದ್ದಿತ್ತು. ಹೆಣ್ಣು ಇಲಿಗಳಿಗೆ ಮೊಲೆಯ ಗಡ್ಡೆ ತುಂಬಾ ಸಾಮಾನ್ಯ. ಮೊಲೆಯ ಅಂಗಾಂಶ ಕತ್ತಿನಿಂದ ತೊಡೆಯವರೆಗೂ ಹರಡಿರುವುದರಿಂದ ಎಲ್ಲಿ ಬೇಕಾದರೂ ಏಳಬಹುದು. ಒಮ್ಮೆ ತೆಗೆಸಿದೆವು, ಮತ್ತೆ ಬಂತು. ಇಲಿಯ ಆಯಸ್ಸೇ ಎರಡರಿಂದ ಮೂರು ವರ್ಷ. ಗೊತ್ತಿದ್ದರೂ ಆ ವಾರ ಮನೆಯಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ. ಪುಂಡಿ ಎರಡು ದಿನ ಊಟ ಮುಟ್ಟಲಿಲ್ಲ. ಗಟ್ಟಿ ಮಲಗುತ್ತಿದ್ದ ಗೆರಟೆಯೊಳಗೆ ಮುಖ ಇಟ್ಟು ಕೂರುತ್ತಿತ್ತು. ಅದನ್ನು ನೋಡಲಾಗದೆ ಎರಡು ಮರಿ ತಂದೆವು. ಎರಡು ವಾರ ಬೇರೆ ಗೂಡಿನಲ್ಲಿಟ್ಟು, ಬಟ್ಟೆ ಅದಲುಬದಲು ಮಾಡಿ ವಾಸನೆ ಪರಿಚಯಿಸಿ, ಆಮೇಲೆ ಒಟ್ಟು ಸೇರಿಸಿದೆ.

ಈಗ ಪುಂಡಿಗೆ ಎರಡು ವರ್ಷ ಎಂಟು ತಿಂಗಳು. ಹಿಂಗಾಲು ಎಳೆಯುತ್ತದೆ, ಅದಕ್ಕೆ ಏಣಿ ತೆಗೆದು ಎಲ್ಲವನ್ನೂ ಕೆಳಗಿನ ಅಂತಸ್ತಿಗೆ ಇಳಿಸಿದ್ದೇನೆ. ಈ ಸಲ ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನಕ್ಕೆ ಮೊದಲೇ ಸೊಳ್ಳೆ ಪರದೆ ಒಗೆದು ಕಟ್ಟಿ ಆಗಿತ್ತು. ರಾತ್ರಿ ಊಟವಾದ ಮೇಲೆ ಪುಂಡಿಯನ್ನು ಮಡಿಲಲ್ಲಿ ಕೂರಿಸಿ ಕಿವಿಯ ಹಿಂದೆ ಬೆರಳಿನಿಂದ ಉಜ್ಜುತ್ತೇನೆ. ಸ್ವಲ್ಪ ಹೊತ್ತಿಗೆ ಹಲ್ಲು ಕಟ ಕಟ ಮಸೆಯಲು ಶುರು. ದವಡೆಯ ಸ್ನಾಯು ಕಣ್ಣಿನ ಹಿಂದೆಯೇ ಹಾದುಹೋಗುವುದರಿಂದ ಕಣ್ಣುಗುಡ್ಡೆಯೂ ಒಟ್ಟಿಗೆ ಅದುರುತ್ತದೆ. ಇಲಿ ಖುಷಿಯಲ್ಲಿದ್ದಾಗ ಹೀಗೆ ಮಾಡುತ್ತದೆ. ಹೊರಗೆ ಮಳೆ ಜೋರಿದ್ದರೆ ಆ ಶಬ್ದ ಕಿವಿಗೆ ಕೇಳಿಸುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.