ವೇದಿಕೆಗೆ ಬೆನ್ನು ಮಾಡಿ ನಿಂತ ದಿನಗಳು

ಬಯಲಿನಲ್ಲಿ ನಡೆಯುವ ದೊಡ್ಡ ಸಂಗೀತೋತ್ಸವವೊಂದಕ್ಕೆ ನಾನು ಮೊದಲ ವರ್ಷ ಟಿಕೆಟ್ ಕೊಂಡು ಹೋಗಿದ್ದೆ. ಮರುವರ್ಷ ಅದೇ ಉತ್ಸವಕ್ಕೆ ಸ್ವಯಂಸೇವಕನಾಗಿ ಹೋದೆ. ಸೇವೆಯ ಹಂಬಲದಿಂದ ಹೋದೆನೆಂದರೆ ಸುಳ್ಳಾಗುತ್ತದೆ. ಟಿಕೆಟ್ಟಿನ ಹಣ ಉಳಿಯುತ್ತದೆ, ಪಾಳಿ ಮುಗಿದ ಮೇಲೆ ಬೇಕಾದವರನ್ನು ಕೇಳಬಹುದು ಎಂಬ ಲೆಕ್ಕಾಚಾರವೇ ನನ್ನಿಂದ ಅರ್ಜಿ ಹಾಕಿಸಿತು. ಮೊದಲ ವರ್ಷ 14 ತಂಡಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದ ನಾನು, ಎರಡನೆಯ ವರ್ಷ ಹಾಗೆ ಕೇಳಿದ್ದು 3 ತಂಡಗಳನ್ನು ಮಾತ್ರ. ಲೆಕ್ಕ ಹೀಗೆ ತಲೆಕೆಳಗಾದರೂ ಮೂರನೆಯ ವರ್ಷಕ್ಕೆ ಮತ್ತೆ ಅರ್ಜಿ ಹಾಕಿದ್ದೇನೆ.

ಕೇಳುಗನಾಗಿ ಹೋದಾಗ ನಾನು ಮಾಡಿದ ತಪ್ಪುಗಳು ಹೊಸಬರೆಲ್ಲ ಮಾಡುವಂಥವೇ. ನೆಲ ಸಮತಟ್ಟಾಗಿದೆ ಎಂದು ಇಳಿಜಾರಿನ ಬುಡದಲ್ಲಿ ಟೆಂಟ್ ಹಾಕಿದೆ. ಎರಡನೆಯ ರಾತ್ರಿ ಮಳೆ ಬಂದಾಗ ಮೇಲಿನ ನೀರೆಲ್ಲ ನನ್ನ ಹಾಸಿಗೆಯಡಿಗೆ ಹರಿದು ಬಂತು. ಶೌಚಾಲಯ ಹತ್ತಿರವಿರಲಿ ಎಂದು ದಾರಿಯಂಚಿನ ಜಾಗವನ್ನೇ ಆರಿಸಿಕೊಂಡಿದ್ದರಿಂದ, ರಾತ್ರಿಯಿಡೀ ಯಾರಾದರೊಬ್ಬರು ಟೆಂಟಿನ ಹಗ್ಗಕ್ಕೆ ಎಡವಿ ಬೀಳುತ್ತಿದ್ದರು. ಹೊಸ ಬೂಟು ಹಾಕಿಕೊಂಡು ಹೋಗಿದ್ದರ ಫಲವಾಗಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಇವೆಲ್ಲ ವಾರದಲ್ಲಿ ಮರೆತುಹೋಗುವ ಕಷ್ಟಗಳು. ಮರೆಯದೇ ಉಳಿದದ್ದು ಕಿವಿಯ ಪಾಡು. ಸ್ಪೀಕರುಗಳ ಗೋಡೆಯ ಎದುರಿನಲ್ಲೇ ಎರಡು ಗಂಟೆ ನಿಂತು ಕೇಳಿ ಬಂದವನಿಗೆ, ಮನೆಗೆ ಮರಳಿದ ಮೇಲೂ ಮೂರು ದಿನ ಕಿವಿಯೊಳಗೆ ಗುಂಯ್ ಎಂಬ ಸದ್ದು ನಿಲ್ಲಲಿಲ್ಲ; ಎದುರಿಗಿದ್ದವರ ಮಾತು ಹತ್ತಿಯ ಮೂಟೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಅದೃಷ್ಟವಶಾತ್ ಅದು ತಾತ್ಕಾಲಿಕವಾಗಿತ್ತು.

ಆಮೇಲೆ ಈ ಬಗ್ಗೆ ಓದಿಕೊಂಡೆ. ಕೆಲಸದ ಸ್ಥಳಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿಯ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಸದ್ದು ಪ್ರತಿ 3 ಡೆಸಿಬೆಲ್ ಏರಿದಾಗಲೂ ಈ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಸಂಗೀತ ನಡೆಯುವ ಸ್ಥಳಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆ ಮಿತಿಯೊಳಗೇ ಇದ್ದರೂ ಇಡೀ ಸಂಜೆ ಬರಿಗಿವಿಯಲ್ಲಿ ನಿಲ್ಲುವುದು ಜಾಣತನವಲ್ಲ. ಈಗ ನನ್ನ ಜೇಬಿನಲ್ಲಿ ಸದಾ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಇರುತ್ತದೆ. ಅದನ್ನು ಸುಮ್ಮನೆ ಕಿವಿಯ ಬಾಯಿಗೆ ತುರುಕಿಕೊಂಡರೆ ಏನೂ ಪ್ರಯೋಜನವಿಲ್ಲ. ಬೆರಳುಗಳ ನಡುವೆ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು.

ಸ್ವಯಂಸೇವಕರ ಅರ್ಜಿಗಳು ಉತ್ಸವಕ್ಕೆ ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ನನ್ನಿಂದ ಸ್ವಲ್ಪ ಹಣ ಠೇವಣಿಯಾಗಿ ಪಡೆದರು. ಒಪ್ಪಿಕೊಂಡ ಪಾಳಿಗಳನ್ನೆಲ್ಲ ಮುಗಿಸಿದವರಿಗೆ ಮಾತ್ರ ಅದು ಮರಳುತ್ತದೆ. ಒಳಗೆ ಬಂದು ಟೆಂಟ್ ಹಾಕಿ ಕೆಲಸಕ್ಕೆ ಕೈಕೊಡುವವರನ್ನು ತಡೆಯಲು ಈ ಏರ್ಪಾಡು. 8 ಗಂಟೆಯ 3 ಪಾಳಿಗಳು ನನ್ನ ಪಾಲಿಗೆ ಬಂದವು, ಅವುಗಳಲ್ಲಿ ಒಂದು ರಾತ್ರಿಯದು. ಕೊನೆಯ ದಿನ ಸ್ವಚ್ಛತೆಗೂ ಹೆಸರು ಕೊಟ್ಟೆ. 8 ಗಂಟೆ ಎಂದರೆ 8 ಗಂಟೆಯಲ್ಲ ಎಂಬುದನ್ನು ಆಗ ಯೋಚಿಸಿರಲಿಲ್ಲ: ವರದಿ ಮಾಡಿಕೊಳ್ಳಲು ಅರ್ಧ ಗಂಟೆ ಮುಂಚೆ ಹೋಗಬೇಕು, ಕೆಲಸದ ಜಾಗಕ್ಕೆ ನಡೆಯಬೇಕು, ಬದಲಿಯವರು ಬರುವವರೆಗೆ ಕದಲುವಂತಿಲ್ಲ, ಮುಗಿದ ಮೇಲೆ ಕಾಲುಗಳು ಟೆಂಟಿನ ಕಡೆಗೇ ಎಳೆಯುತ್ತವೆ. ಉಳಿದ 11 ತಂಡಗಳು ಕೈತಪ್ಪಿದ್ದು ಹೀಗೆ.

ಉತ್ಸವದ ಹಿಂದಿನ ದಿನ ಅರ್ಧ ದಿನದ ತರಬೇತಿ ನಡೆಯಿತು. ಬೆಂಕಿ, ಗೇಟುಗಳು, ನಕ್ಷೆ ಎಂದು ಹೇಳುತ್ತಾ ಹೋದ ತರಬೇತುದಾರರು ಕೊನೆಯಲ್ಲಿ ನೆಲದ ಮೇಲೆ ಟೇಪಿನಿಂದ ಒಂದು ಮೀಟರ್ ಉದ್ದಗಲದ ಚೌಕ ಮಾಡಿ, ನಮ್ಮಲ್ಲಿ ಇಬ್ಬರನ್ನು ಅದರೊಳಗೆ ನಿಲ್ಲಿಸಿದರು. ಆರಾಮವಾಗಿ ನಿಂತರು. ನಾಲ್ವರಾದಾಗ ಭುಜಕ್ಕೆ ಭುಜ ತಾಗಿತು, ಆದರೂ ತಿರುಗಬಹುದಿತ್ತು. ಆರನೆಯವನಾಗಿ ನಾನು ಸೇರಿದಾಗ ಜೇಬಿನಿಂದ ಕೈ ಹೊರತೆಗೆಯಲು ಆಗಲಿಲ್ಲ. ತರಬೇತುದಾರರು ಒಬ್ಬರ ಬೆನ್ನನ್ನು ಒಂದೇ ಬೆರಳಿನಿಂದ ತಳ್ಳಿದಾಗ ಆರೂ ಜನ ಒಟ್ಟಿಗೆ ಓಲಾಡಿದೆವು. ನಗು ಬಂತು. ಅವರು ನಗಲಿಲ್ಲ. ಚದರ ಮೀಟರಿಗೆ ಐದಾರು ಜನ ಮೀರಿದ ಮೇಲೆ ಯಾರೂ ತಮ್ಮಿಷ್ಟದಂತೆ ನಡೆಯಲಾರರು, ಗುಂಪು ದ್ರವದಂತೆ ವರ್ತಿಸುತ್ತದೆ, ಒಂದು ಮೂಲೆಯ ತಳ್ಳಾಟ ಅಲೆಯಾಗಿ ಇನ್ನೊಂದು ಮೂಲೆಗೆ ಹೋಗುತ್ತದೆ ಎಂದರು. ಡೆನ್ಮಾರ್ಕಿನ ರಾಸ್ಕಿಲ್ ಉತ್ಸವ 1971ರಿಂದ ನಡೆದು ಬಂದಿರುವಂಥದ್ದು, ಸ್ವಯಂಸೇವಕರ ಬಲದ ಮೇಲೇ ನಿಂತಿರುವಂಥದ್ದು. ಅಲ್ಲಿಯೂ 2000ದ ಜೂನ್ 30ರಂದು, ಪರ್ಲ್ ಜ್ಯಾಮ್ ತಂಡ ನುಡಿಸುತ್ತಿದ್ದಾಗ, ವೇದಿಕೆಯ ಮುಂದಿನ ಒತ್ತಡದಲ್ಲಿ 9 ಯುವಕರು ಸತ್ತರು. ಇಂಥ ಸುದ್ದಿಗೆ ನಾವು ‘ಕಾಲ್ತುಳಿತ’ ಎಂಬ ಪದ ಬಳಸಿ ಮುಗಿಸುತ್ತೇವೆ. ಆ ಪದ ಓಡುವ, ತುಳಿಯುವ ಜನರನ್ನು ಕಣ್ಣಮುಂದೆ ತರುತ್ತದೆಯೇ ಹೊರತು, ನಿಂತಲ್ಲೇ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟುವವರನ್ನು ತೋರಿಸುವುದಿಲ್ಲ. ಇಂಥ ದುರಂತಗಳಲ್ಲಿ ಬಹಳಷ್ಟು ಸಾವುಗಳು ಹಾಗೆ ಉಸಿರುಗಟ್ಟಿಯೇ ಆಗುತ್ತವೆ.

ಮೊದಲ ಪಾಳಿ ನೀರಿನ ನಲ್ಲಿಗಳ ಬಳಿ. ಬಾಟಲಿ ತುಂಬಿಸಿಕೊಳ್ಳಲು ಬಂದವರನ್ನು ಸಾಲಿನಲ್ಲಿ ನಿಲ್ಲಿಸುವುದು, ಕೆಸರಾದ ಕಡೆ ಮರದ ಹೊಟ್ಟು ಹರಡಿಸುವುದು, ಉಳಿದ ಹೊತ್ತೆಲ್ಲ ದಾರಿ ಹೇಳುವುದು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಒಂದು ಸಂಗತಿಯ ಹೊರತು. ಗೊತ್ತಿಲ್ಲದ ದಾರಿಯನ್ನು ಅಂದಾಜಿನ ಮೇಲೆ ಹೇಳಿ, ಇಬ್ಬರು ವೃದ್ಧರನ್ನು ಅರ್ಧ ಕಿಲೋಮೀಟರ್ ತಪ್ಪು ದಿಕ್ಕಿಗೆ ಕಳಿಸಿದೆ. ಅವರು ಮರಳಿ ಬಂದು ಬೈಯಲಿಲ್ಲ, ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ಸುಧಾರಿಸಿಕೊಂಡರು. ಅಂದಿನಿಂದ ‘ಕೇಳಿ ಹೇಳುತ್ತೇನೆ, ಒಂದು ನಿಮಿಷ ನಿಲ್ಲಿ’ ಎನ್ನುವುದು ರೂಢಿಯಾಯಿತು.

ಎರಡನೆಯ ಪಾಳಿಯಲ್ಲಿ ನನ್ನನ್ನು ಮುಖ್ಯ ವೇದಿಕೆಯ ಮುಂದಿನ ಬ್ಯಾರಿಕೇಡಿನ ಒಳಬದಿಗೆ ಹಾಕಿದರು. ಮೊದಲ ವರ್ಷ ನಾನು ಹಂಬಲಿಸಿ ನೂಕಾಡಿ ಸೇರಿದ್ದ ಜಾಗಕ್ಕಿಂತಲೂ ಮುಂದಿನ ಜಾಗ ಅದು. ಆದರೆ ಅಲ್ಲಿನ ಮೊದಲ ನಿಯಮವೇ ವೇದಿಕೆಗೆ ಬೆನ್ನು ಮಾಡಿ ನಿಲ್ಲಬೇಕೆಂಬುದು. ನನ್ನ ಕೆಲಸ ಲೋಟಗಳಲ್ಲಿ ನೀರು ಕೊಡುವುದು ಮತ್ತು ಮುಖಗಳನ್ನು ನೋಡುವುದು. ಯಾರನ್ನಾದರೂ ಎತ್ತಿ ಹೊರತರುವ ಕೆಲಸ ತರಬೇತಾದ ಭದ್ರತಾ ಸಿಬ್ಬಂದಿಯದು. ಹಾಡು ಬೆನ್ನಿಗೆ ಬಡಿಯುತ್ತದೆ, ತಾಳ ಪಕ್ಕೆಲುಬಿನಲ್ಲಿ ಕೇಳುತ್ತದೆ, ಹಾಡುತ್ತಿರುವವರು ಏನು ಮಾಡುತ್ತಿದ್ದಾರೆ ಎಂಬುದನ್ನು ಎದುರಿನ ಮುಖಗಳಿಂದ ಊಹಿಸಿಕೊಳ್ಳಬೇಕು.

ಅರ್ಧ ಗಂಟೆಯೊಳಗೆ ಕಣ್ಣು ಪಳಗಿತು. ತಲೆಗಳು ತಾಳಕ್ಕೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಚಿಂತೆಯಿಲ್ಲ. ಪೈರಿನ ಮೇಲೆ ಗಾಳಿ ಬೀಸಿದಂತೆ ಒಂದೇ ಸಮನೆ ಪಕ್ಕಕ್ಕೆ ವಾಲತೊಡಗಿದರೆ ಒತ್ತಡ ಹೆಚ್ಚಿದೆ ಎಂದರ್ಥ. ಎಲ್ಲರೂ ವೇದಿಕೆಯನ್ನು ನೋಡುತ್ತಿರುವಾಗ ನನ್ನನ್ನೇ ನೋಡುತ್ತಿರುವವರು ಯಾರೆಂದು ಹುಡುಕಬೇಕು, ಏಕೆಂದರೆ ಸಹಾಯ ಬೇಕಾದವರಿಗೆ ಸಂಗೀತದ ಮೇಲೆ ಗಮನವಿರುವುದಿಲ್ಲ. ಗಲ್ಲ ಮೇಲೆತ್ತಿ ಬಾಯಿ ತೆರೆದು ಗಾಳಿಗೆ ಹವಣಿಸುವವರನ್ನು ಹಾಡಿಗೆ ಮೈಮರೆತವರೆಂದು ತಪ್ಪು ತಿಳಿಯುವುದು ಬಹಳ ಸುಲಭ. ನಾನು ತಿಳಿದೆ. ಎರಡನೆಯ ಸಾಲಿನಲ್ಲಿದ್ದ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ವಾಲಿಸಿದ್ದಳು; ಹಾಡಿನ ಅತ್ಯುತ್ತಮ ಭಾಗ ನಡೆಯುತ್ತಿದ್ದುದರಿಂದ ಪರವಶಳಾಗಿದ್ದಾಳೆ ಅಂದುಕೊಂಡು ಮುಂದಿನವರಿಗೆ ನೀರು ಕೊಡುತ್ತಿದ್ದೆ. ಎರಡನೆಯ ಬಾರಿ ನೋಡಿದಾಗ ಅವಳ ಕೈಗಳು ತಾಳಕ್ಕೆ ಅಲುಗುತ್ತಿರಲಿಲ್ಲ, ತುಟಿ ಬೆಳ್ಳಗಾಗಿತ್ತು, ಬೀಳದಂತೆ ಅವಳನ್ನು ಹಿಡಿದಿದ್ದದ್ದು ಸುತ್ತಲಿನ ಒತ್ತಡವೊಂದೇ. ನಾನು ಕೈಯೆತ್ತಿ ತೋರಿಸಿದ ಕೂಡಲೇ ಇಬ್ಬರು ಅವಳನ್ನು ಕಂಕುಳಿಗೆ ಕೈಹಾಕಿ ಬ್ಯಾರಿಕೇಡಿನ ಮೇಲಿನಿಂದ ಎತ್ತಿ ತಂದರು. ನೆರಳಲ್ಲಿ ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಟ್ಟ ಮೇಲೆ ಚೇತರಿಸಿಕೊಂಡು, ಹಾಡು ಮುಗಿಯಿತೇ ಎಂದು ಕೇಳಿದಳು. ನಾನು ಕಳೆದದ್ದು ಇಪ್ಪತ್ತು ಸೆಕೆಂಡು ಇರಬಹುದು. ಆ ಇಪ್ಪತ್ತು ಸೆಕೆಂಡು ಈಗಲೂ ನೆನಪಾಗುತ್ತವೆ.

ವಾಕಿ-ಟಾಕಿಯಲ್ಲಿ ಮಾತನಾಡುವುದನ್ನೂ ಅಲ್ಲೇ ಕಲಿತದ್ದು. ಮೊದಲ ಸಲ ಗಾಬರಿಯಿಂದ ‘ಇಲ್ಲಿ ಒಬ್ಬರು ಬಿದ್ದಿದ್ದಾರೆ’ ಎಂದೆ; ‘ಇಲ್ಲಿ’ ಎಂದರೆ ಎಲ್ಲಿ ಎಂದು ಆಚೆಯಿಂದ ಶಾಂತವಾದ ಪ್ರಶ್ನೆ ಬಂತು. ದೀಪದ ಕಂಬಗಳಿಗೆಲ್ಲ ಸಂಖ್ಯೆ ಬರೆದಿರುವುದು ಅದಕ್ಕೇ. ಮೊದಲು ಜಾಗ, ಆಮೇಲೆ ಏನಾಗಿದೆ, ಆಮೇಲೆ ಏನು ಬೇಕು. ಇಷ್ಟು ಹೇಳಿ ಗುಂಡಿಯಿಂದ ಬೆರಳು ತೆಗೆಯಬೇಕು. ಜಾಗ ಮೊದಲು ತಿಳಿದರೆ, ಉಳಿದದ್ದು ಕೇಳಿಸದಿದ್ದರೂ ಜನ ಹೊರಟಿರುತ್ತಾರೆ. ಬಿಸಿಲಿನಲ್ಲಿ ಕುಸಿದವರು ಪ್ರಶ್ನೆಗೆ ಅಸಂಬದ್ಧವಾಗಿ ಉತ್ತರಿಸುತ್ತಿದ್ದರೆ ಅದನ್ನೂ ಹೇಳಲೇಬೇಕು, ಏಕೆಂದರೆ ಅದು ಬರಿಯ ಆಯಾಸವಾಗಿರದೆ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಲಕ್ಷಣವಾಗಿರಬಹುದು. ಆಗ ನೀರು ಕುಡಿಸುವುದಕ್ಕಿಂತ ಮೈ ತಣಿಸುವುದು ಮೊದಲ ಕೆಲಸ.

ಅದೇ ಸಂಜೆ ಒಂದು ಗಂಟೆಯ ಮಟ್ಟಿಗೆ ನನ್ನನ್ನು ಮೈದಾನದ ನಡುವಿನ ಸ್ಪೀಕರ್ ಗೋಪುರದ ಬಳಿ, ಯಾರೂ ಹತ್ತದಂತೆ ಕಾಯಲು ಕಳಿಸಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ವೇದಿಕೆಯಿಂದ 100 ಮೀಟರ್ ದೂರಕ್ಕೆ ಹಾಡು ಬಂದು ಮುಟ್ಟಲು ಸುಮಾರು 0.3 ಸೆಕೆಂಡು ಬೇಕು. ಗೋಪುರದ ಸ್ಪೀಕರುಗಳು ತಂತಿಯಲ್ಲಿ ಬಂದ ಸದ್ದನ್ನು ತಕ್ಷಣ ಹೊರಬಿಟ್ಟರೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಆದ್ದರಿಂದ ಅವುಗಳನ್ನು ಬೇಕೆಂದೇ ಅಷ್ಟು ಹೊತ್ತು ತಡೆಹಿಡಿದು ನುಡಿಸುತ್ತಾರೆ. ಪಕ್ಕದಲ್ಲಿದ್ದ ತಂತ್ರಜ್ಞರು ಇದನ್ನು ವಿವರಿಸಿದ ಮೇಲೆ, ಡ್ರಮ್ ಬಾರಿಸುವವನ ಕೋಲು ಇಳಿಯುವುದಕ್ಕೂ ಸದ್ದು ಬರುವುದಕ್ಕೂ ನಡುವಿನ ಆ ಅಂತರವನ್ನಷ್ಟೇ ನೋಡುತ್ತಾ ನಿಂತುಬಿಟ್ಟೆ. ಪೂರ್ತಿ ಕೇಳಿದ 3 ತಂಡಗಳಲ್ಲಿ ಅದೂ ಒಂದು. ಹಾಡುಗಳಲ್ಲಿ ಒಂದೂ ನೆನಪಿಲ್ಲ.

ಮೂರನೆಯದು ರಾತ್ರಿ ಪಾಳಿ, ಟೆಂಟ್ ಶಿಬಿರದ ಬಾಗಿಲಿನಲ್ಲಿ. ಹತ್ತು ಗಂಟೆಗೆ ದೂರದಲ್ಲಿ ಮಿಂಚು ಕಾಣಿಸಿತು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದು ಲೆಕ್ಕ. ಕಾರ್ಯಕ್ರಮ ನಿಂತಿತು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೂ ಮತ್ತೆ ಆರಂಭವಾಗಲಿಲ್ಲ. ಟೆಂಟಿನ ಬಟ್ಟೆ ಸಿಡಿಲಿನಿಂದ ಕಾಪಾಡುವುದಿಲ್ಲ ಎಂಬುದನ್ನು ಒಬ್ಬೊಬ್ಬರಿಗೂ ಹೇಳಿ, ಬಸ್ಸು, ಕಾರುಗಳೊಳಗೆ ಕಳಿಸುವಷ್ಟರಲ್ಲಿ ಗಂಟಲು ಕಟ್ಟಿತು. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಕಾವಲು ನೋಡಿಕೊಂಡ ಹಾಗ್ ಫಾರ್ಮ್ ಗುಂಪಿನವರು ತಮ್ಮನ್ನು ‘ಪೊಲೀಸ್ ಫೋರ್ಸ್’ ಎನ್ನದೆ ‘ಪ್ಲೀಸ್ ಫೋರ್ಸ್’ ಎಂದು ಕರೆದುಕೊಂಡಿದ್ದರಂತೆ. ಆ ರಾತ್ರಿ ನಾನು ಎಷ್ಟು ಸಲ ‘ದಯವಿಟ್ಟು’ ಎಂದೆನೋ ಲೆಕ್ಕವಿಲ್ಲ.

ಎರಡು ಗಂಟೆಯ ಮೇಲೆ ಬರುವವರು ಟೆಂಟ್ ಕಳೆದುಕೊಂಡವರು. ಒಬ್ಬರು ತಮ್ಮದು ನೀಲಿ ಟೆಂಟ್ ಎಂದರು. ಟಾರ್ಚ್ ಬೆಳಕಿಗೆ ಕಂಡ ಅರ್ಧದಷ್ಟು ಟೆಂಟುಗಳು ನೀಲಿಯವೇ. ಟೆಂಟಿನ ಬಗ್ಗೆ ಕೇಳುವುದನ್ನು ಬಿಟ್ಟು, ಬೆಳಿಗ್ಗೆ ಎದ್ದು ಶೌಚಾಲಯಕ್ಕೆ ಹೋಗುವಾಗ ಬಿಸಿಲು ಯಾವ ಕೆನ್ನೆಗೆ ಬೀಳುತ್ತಿತ್ತು ಎಂದು ಕೇಳಿದೆ. ಎಡಗೆನ್ನೆಗೆ ಎಂದರು. ನಲವತ್ತು ನಿಮಿಷದಲ್ಲಿ ಟೆಂಟ್ ಸಿಕ್ಕಿತು. ಮಗನನ್ನು ಹುಡುಕುತ್ತಾ ಬಂದ ತಾಯಿಯ ವಿಷಯದಲ್ಲಿ ಮಾತ್ರ ಜಾಣ್ಮೆಗೆ ಎಡೆಯಿರಲಿಲ್ಲ, ನಿಯಮವನ್ನು ಅಕ್ಷರಶಃ ಪಾಲಿಸಿದೆ: ಮಗುವಿನ ಹೆಸರನ್ನೋ ಬಟ್ಟೆಯ ಬಣ್ಣವನ್ನೋ ಧ್ವನಿವರ್ಧಕದಲ್ಲಿ ಕೂಗುವಂತಿಲ್ಲ, ಹುಡುಗ ಸಿಕ್ಕಿದ್ದಾನೆಂದು ತಿಳಿದ ಮೇಲೂ ಅವನ ಗುರುತನ್ನು ನಾವಾಗಿ ಹೇಳುವಂತಿಲ್ಲ, ತಾಯಿಯೇ ಹೇಳಬೇಕು. ಆಕೆಗೆ ಸಿಟ್ಟು ಬಂತು, ಬರಬೇಕಾದದ್ದೇ. ಆದರೆ ನಾವು ಕೂಗಿ ಹೇಳಿದ ಗುರುತನ್ನೇ ಹಿಡಿದು ಬೇರೆ ಯಾರಾದರೂ ಬಂದು ಕೇಳಬಹುದಲ್ಲವೇ? ಹುಡುಗನ ರಿಸ್ಟ್‌ಬ್ಯಾಂಡಿನ ಒಳಮುಖದಲ್ಲಿ ಬರೆದಿದ್ದ ಫೋನ್ ಸಂಖ್ಯೆ ಆಕೆ ಹೇಳಿದ ಸಂಖ್ಯೆಗೆ ಹೊಂದಿತು.

ಸೋಮವಾರ ಬೆಳಿಗ್ಗೆ ಜನ ಹೋದ ಮೈದಾನ ನೋಡಲು ಬೇಸರವಾಗುತ್ತದೆ. ಬಿಟ್ಟುಹೋದ ಟೆಂಟುಗಳು, ಗಾಳಿ ತುಂಬಿದ ಹಾಸಿಗೆಗಳು, ಒಂಟಿ ಬೂಟುಗಳು. ದೊಡ್ಡ ಕಸ ಬೇಗ ಹೋಗುತ್ತದೆ. ಹೊತ್ತು ತಿನ್ನುವುದು ಹುಲ್ಲಿನಲ್ಲಿ ಹೂತ ಟೆಂಟಿನ ಗೂಟಗಳು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 1970ರಿಂದ ನಡೆಯುತ್ತಿರುವುದು ಹಸು ಸಾಕುವ ಹೊಲದಲ್ಲಿ. ಮೇಯುವ ದನದ ಹೊಟ್ಟೆಗೆ ಗೂಟ ಸೇರುವ ಭಯ ಅವರದು, ನೆಲ ಸುಧಾರಿಸಿಕೊಳ್ಳಲಿ ಎಂದು ಕೆಲವು ವರ್ಷಗಳಿಗೊಮ್ಮೆ ಉತ್ಸವವನ್ನೇ ಬಿಡುತ್ತಾರೆ. ನಾವು ಹನ್ನೆರಡು ಜನ ಕೈಯಳತೆಯ ದೂರದಲ್ಲಿ ಸಾಲಾಗಿ ನಿಂತು, ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತವನ್ನು ಹುಲ್ಲಿನ ಮೇಲೆ ಆಡಿಸುತ್ತಾ ನಡೆದೆವು. ಅಲ್ಯೂಮಿನಿಯಂ ಗೂಟಗಳಿಗೆ ಅಯಸ್ಕಾಂತ ನಾಟುವುದಿಲ್ಲ, ಅವಕ್ಕೆ ಬರಿಗಾಲೇ ಗತಿ ಎಂದು ಒಬ್ಬರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಎರಡು ಬಕೆಟ್ ತುಂಬಿತು.

ಮೇಲ್ವಿಚಾರಕರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರು, ಠೇವಣಿ ಮೂರು ವಾರಕ್ಕೆ ಮರಳಿತು. ಮುಂದಿನ ವರ್ಷದ ಅರ್ಜಿಯಲ್ಲಿ ಯಾವ ಕೆಲಸ ಬೇಕೆಂಬ ಕಡೆ ಬ್ಯಾರಿಕೇಡಿನ ಒಳಬದಿ ಎಂದು ಬರೆದಿದ್ದೇನೆ, ಅದು ಸಿಗದಿದ್ದರೆ ರಾತ್ರಿ ಬಾಗಿಲು. ರಾತ್ರಿ ಕಾಯ್ದವರಿಗೆ ಹಗಲು ನಿದ್ದೆ ಬೇಕು, ಬಿಸಿಲಿಗೆ ಟೆಂಟ್ ಒಲೆಯಂತೆ ಕಾಯುತ್ತದೆ. ಹಾಗಾಗಿ ಈ ಸಲ ಒಂದು ದಿನ ಮೊದಲೇ ಹೋಗಿ, ಇಳಿಜಾರಿನ ಮೇಲ್ಭಾಗದಲ್ಲಿ, ದಾರಿಯಿಂದ ದೂರ, ಬೆಳಗಿನ ನೆರಳು ಬೀಳುವ ಜಾಗ ಹಿಡಿಯಬೇಕು.