ಡಿಸ್ಕ್ ಹೋಗಿರಲಿಲ್ಲ, ಸಾಟಾ ಮೋಡ್ ಬದಲಾಗಿತ್ತು

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಡೆಸ್ಕ್‌ಟಾಪ್ ನನ್ನ ಹತ್ತಿರ ರಿಪೇರಿಗೆ ಬಂತು. ‘ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಎಂದು ಮಾಲೀಕರಿಗೆ ಯಾರೋ ಆಗಲೇ ಹೇಳಿದ್ದರು. ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇತ್ತು. ಬ್ಯಾಕಪ್ ಇರಲಿಲ್ಲ.

ಆನ್ ಮಾಡಿದ ಕೂಡಲೇ ‘ಸಿಮಾಸ್ ಚೆಕ್‌ಸಮ್ ಎರರ್’ ಬಂತು. ಬೋರ್ಡು ಉಳಿಸಿಟ್ಟ ಸೆಟ್ಟಿಂಗ್ ಕೆಟ್ಟಿದೆ ಎಂದು ಅದರರ್ಥ. ಎಫ್1 ಒತ್ತಿ ಮುಂದುವರಿದೆ. ವಿಂಡೋಸ್ ಲೋಗೋ ಬಂದು, ಹಿಂದೆಯೇ ನೀಲಿ ಪರದೆ: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಈ ಎರಡೂ ಜೊತೆಗೆ ಬಂದರೆ ನಾನು ಮೊದಲು ಅನುಮಾನಪಡುವುದು ಸೆಟ್ಟಿಂಗ್ ಅಳಿಯದಂತೆ ಕಾಯುವ ಮದರ್‌ಬೋರ್ಡಿನ ಸೆಲ್ ಮೇಲೆ, ಡಿಸ್ಕ್ ಮೇಲಲ್ಲ.

ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ) ಒಳಗೆ ಹೋಗಿ ನೋಡಿದೆ. ಡಿಸ್ಕಿನ ಹೆಸರು, ಸೈಜ್ ಎರಡೂ ಸರಿಯಾಗಿ ಕಾಣಿಸಿದವು. ಗಡಿಯಾರ ಮಾತ್ರ ಎಷ್ಟೋ ವರ್ಷ ಹಿಂದಿತ್ತು. ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಹಳೇ ಕಾಲದ ‘ಐಡಿಇ’ ಎಂದಿತ್ತು. ವಿಂಡೋಸ್ 10 ಇರುವ ಕಂಪ್ಯೂಟರಿನಲ್ಲಿ ಅದು ಹೊಸ ರೀತಿಯ ‘ಎಎಚ್‌ಸಿಐ’ ಇರುವುದೇ ಜಾಸ್ತಿ.

ಆಗಿದ್ದು ಇಷ್ಟು. ಸೆಲ್ ಸತ್ತು ಬಯಾಸ್ ತನ್ನ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹೋಗಿದೆ. ಈ ಹಳೇ ಬೋರ್ಡಿನ ಫ್ಯಾಕ್ಟರಿ ಸೆಟ್ಟಿಂಗ್ ಐಡಿಇ. ವಿಂಡೋಸ್ ಬೂಟ್ ಆಗುವಾಗ ಡಿಸ್ಕ್ ಕಂಟ್ರೋಲರ್‌ಗೆ ಎಲ್ಲ ಡ್ರೈವರ್‌ಗಳನ್ನೂ ಎತ್ತಿಕೊಳ್ಳುವುದಿಲ್ಲ. ಇನ್‌ಸ್ಟಾಲ್ ಆದಾಗ ಯಾವುದು ಬೇಕಾಗಿತ್ತೋ ಅದನ್ನೇ ನಂಬಿಕೊಂಡಿರುತ್ತದೆ. ಮೋಡ್ ಬದಲಾದರೆ ತಾನಿರುವ ಡಿಸ್ಕೇ ಅದಕ್ಕೆ ಕಾಣುವುದಿಲ್ಲ. ಇಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಚೆನ್ನಾಗಿದ್ದ ಡೇಟಾ ಸುಮ್ನೆ ಹೋಗುತ್ತಿತ್ತು, ಅಲ್ವಾ?

ಆದರೂ ನಾನು ಮೊದಲು ಸೆಟ್ಟಿಂಗ್ ಮುಟ್ಟಲಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಟ್ಯಾಲಿ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಆಮೇಲೆ ಪವರ್ ಕಾರ್ಡ್ ಕಿತ್ತು ಸೆಲ್ ಬದಲಿಸಿದೆ. ಸಿಆರ್2032, 3 ವೋಲ್ಟಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಮೊದಲು, ಸೆಟ್ಟಿಂಗ್ ಆಮೇಲೆ. ಇಲ್ಲದಿದ್ದರೆ ಸರಿಮಾಡಿದ್ದು ಮತ್ತೆ ಅಳಿಸಿಹೋಗುತ್ತದೆ. ತಾರೀಖು ಸರಿಮಾಡಿ, ಸಾಟಾ ಮೋಡ್ ಎಎಚ್‌ಸಿಐ ಮಾಡಿ ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ನೇರ ಡೆಸ್ಕ್‌ಟಾಪಿಗೆ ಬಂತು. ಟ್ಯಾಲಿಯೂ ತೆರೆಯಿತು.

ಮಂಡಿಯಲ್ಲಿ ದಿನಾ ರಾತ್ರಿ ಮೇನ್ ಸ್ವಿಚ್ ಆಫ್ ಮಾಡುತ್ತಾರಂತೆ. ಕರೆಂಟ್ ಪೂರ್ತಿ ನಿಂತಾಗ ಗಡಿಯಾರ ಓಡುವುದು ಆ ಸೆಲ್ ಮೇಲೇ. ಅಂಥ ಕಡೆ ಅದು ಬೇಗ ಖಾಲಿಯಾಗುತ್ತದೆ.

ಕೆಲವು ಬೋರ್ಡುಗಳಲ್ಲಿ ಫ್ಯಾಕ್ಟರಿ ಸೆಟ್ಟಿಂಗ್ ‘ರೇಡ್’ (ಹಲವು ಡಿಸ್ಕುಗಳನ್ನು ಒಟ್ಟಾಗಿ ಬಳಸುವ ಮೋಡ್) ಇರುತ್ತದೆ. ಆಗಲೂ ಇದೇ ನೀಲಿ ಪರದೆ ಬರಬಹುದು. ಅಲ್ಲಿ ರೇಡ್ ಮೆನುವಿನೊಳಗೆ ಹೋಗಿ ‘ಕ್ರಿಯೇಟ್ ವಾಲ್ಯೂಮ್’ ಮಾತ್ರ ಒತ್ತಬೇಡಿ. ಡಿಸ್ಕಿನಲ್ಲಿರುವುದು ಅಳಿಸಿಹೋಗುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಬಯಾಸ್ ಸೆಟ್ಟಿಂಗ್ ಬದಲಿಸಿದ ಮೇಲೆ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ.

ವಿಂಡೋಸ್ ಐಡಿಇಯಲ್ಲೇ ಇನ್‌ಸ್ಟಾಲ್ ಆಗಿದ್ದು, ನೀವೇ ಬೇಕೆಂದು ಐಡಿಇಯಿಂದ ಎಎಚ್‌ಸಿಐಗೆ ಹೋಗುವುದಾದರೆ ದಾರಿ ಬೇರೆ. ಮೊದಲು ವಿಂಡೋಸಿನ ಬೂಟ್ ಸೆಟ್ಟಿಂಗ್ ಟೂಲ್ ಆದ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗಲೇ ಬಯಾಸಿಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡಿನಲ್ಲಿ ವಿಂಡೋಸ್ ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ.