ಕುಂಬಳೆಯಲ್ಲಿ ಕೂತು ಸಂಬಳದ ಲೆಕ್ಕ

ಮಂಗಳೂರಿನ ಒಂದು ಕಂಪನಿಯಲ್ಲಿ ನಾನು ಆರು ವರ್ಷ ಸಂಬಳದ ಲೆಕ್ಕ ಮಾಡಿದವನು. ಬೆಳಿಗ್ಗೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ರೈಲು ಹತ್ತಿದರೆ ಮನೆ ಸೇರುವಾಗ ರಾತ್ರಿ. ತಿಂಗಳ ಕೊನೆಯ ಮೂರು ದಿನ ಅದಕ್ಕೂ ಗ್ಯಾರಂಟಿ ಇಲ್ಲ. ಎಕ್ಸೆಲ್‌ನಲ್ಲಿ ಹಾಜರಿ ತುಂಬಿಸು, ರಜೆ ಕಳೆ, ಪಿಎಫ್ (ಭವಿಷ್ಯ ನಿಧಿ) ಕಳೆ. ಎಲ್ಲ ಮುಗಿಯಿತು ಅನ್ನುವಾಗ ಯಾರಾದರೂ ಬಂದು "ನನ್ನ ಒಂದು ರಜೆ ಜಾಸ್ತಿ ಹಿಡಿದಿದ್ದೀರಲ್ಲ" ಅಂದರೆ ಮತ್ತೆ ಮೊದಲಿಂದ. ನನ್ನ ಭಾವ ಪ್ರೋಗ್ರಾಮ್ ಬರೆಯುವವನು. ಅವನ ಹತ್ತಿರ ಈ ಗೋಳು ಹೇಳಿ ಹೇಳಿ, ಕೊನೆಗೆ 2017ರಲ್ಲಿ ಇಬ್ಬರೂ ಸೇರಿ ಆನ್‌ಲೈನ್‌ನಲ್ಲೇ ನಡೆಯುವ ಸಂಬಳದ ಸಾಫ್ಟ್‌ವೇರ್ ಶುರು ಮಾಡಿದೆವು. ಆಫೀಸು ಕುಂಬಳೆ ಪೇಟೆಯಲ್ಲಿ, ಮೆಡಿಕಲ್ ಅಂಗಡಿಯ ಮೇಲಿನ ಒಂದು ಕೋಣೆ.

ಮೊದಲು ಹೋದದ್ದು ಮಾಲೀಕರ ಹತ್ತಿರ. ಅಲ್ಲೇ ಎಡವಿದ್ದು. ಮಾಲೀಕರು ಚಾ ತರಿಸಿ, ಎಲ್ಲ ಕೇಳಿ, "ಒಳಗೆ ಅಕೌಂಟ್ಸ್ ನೋಡುವವರ ಹತ್ತಿರ ಒಮ್ಮೆ ಮಾತಾಡಿ" ಅಂತ ಕಳಿಸುತ್ತಿದ್ದರು. ಒಳಗೆ ಹೋದರೆ ಕತೆ ಮುಗಿದ ಹಾಗೆ. ಕಾಸರಗೋಡಿನ ಒಂದು ಬಟ್ಟೆ ಅಂಗಡಿಯ ಅಕೌಂಟೆಂಟ್ ಅಕ್ಕ ನೇರವಾಗಿ ಕೇಳಿಬಿಟ್ಟರು: "ಇದು ಬಂದರೆ ಮತ್ತೆ ನನಗೆಂಥ ಕೆಲಸ ಉಂಟು ಮಾರಾಯ್ರೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೊದಲ ವರ್ಷ ಸಿಕ್ಕಿದ್ದು ಏಳು ಗಿರಾಕಿಗಳು, ಅದರಲ್ಲಿ ಇಬ್ಬರು ನೆಂಟರು.

ರೇಟಿನಲ್ಲೂ ಪೆಟ್ಟು ತಿಂದೆವು. ದೊಡ್ಡ ಊರಿನ ಕಂಪನಿಗಳನ್ನು ನೋಡಿ ತಲೆಗೆ ಇಷ್ಟು ಅಂತ ಇಟ್ಟಿದ್ದೆವು. ಹತ್ತು ಜನ ಆದರೆ ಇಎಸ್‌ಐ (ನೌಕರರ ವಿಮೆ) ಕಡ್ಡಾಯ, ಇಪ್ಪತ್ತಾದರೆ ಪಿಎಫ್ ಕೂಡ, ಅಲ್ವಾ? ನಮ್ಮ ಕಡೆ ಹತ್ತೊಂಬತ್ತೇ ಜನ ಇರುವ ಅಂಗಡಿಗಳು ಎಷ್ಟುಂಟು ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಅಂಥವರ ಹತ್ತಿರ "ನಿಮ್ಮಲ್ಲಿ ಎಷ್ಟು ಜನ?" ಅಂತ ಕೇಳುವುದೇ ಅಪಶಕುನ. ಆಮೇಲೆ ತಲೆ ಎಣಿಸುವುದು ಬಿಟ್ಟು ಇಪ್ಪತ್ತೈದರವರೆಗೆ ಒಂದೇ ರೇಟು ಮಾಡಿದೆವು.

ನಮಗೆ ಕೆಲಸ ಕಲಿಸಿದ್ದು ಕರ್ನಾಟಕ-ಕೇರಳ ಗಡಿ. ಉಪ್ಪಳದಲ್ಲಿ ಒಂದು ಶಾಖೆ, ಕಾಸರಗೋಡಿನಲ್ಲಿ ಒಂದು, ಮಂಗಳೂರಿನಲ್ಲಿ ಒಂದು ಇರುವ ವ್ಯಾಪಾರಿಗಳು ನಮ್ಮಲ್ಲಿ ಧಾರಾಳ. ಪಿಎಫ್, ಇಎಸ್‌ಐ ದೇಶಕ್ಕೆಲ್ಲ ಒಂದೇ. ಆದರೆ ವೃತ್ತಿ ತೆರಿಗೆ ಹಾಗಲ್ಲ. ಕರ್ನಾಟಕದಲ್ಲಿ ಅದು ತಿಂಗಳ ಸಂಬಳದ ಮೇಲೆ, ಆಗ ತಿಂಗಳು ತಿಂಗಳು 200 ರೂಪಾಯಿ, ಸರ್ಕಾರಕ್ಕೆ. ತಲಪಾಡಿ ದಾಟಿ ಈಚೆ ಕೇರಳಕ್ಕೆ ಬಂದರೆ ಆರು ತಿಂಗಳ ಒಟ್ಟು ಆದಾಯ ನೋಡಿ ಅರ್ಧ ವರ್ಷಕ್ಕೊಮ್ಮೆ, ಹೆಚ್ಚೆಂದರೆ 1,250 ರೂಪಾಯಿ. ಅದೂ ಪಂಚಾಯತಿಗೋ ನಗರಸಭೆಗೋ. ಮಂಗಳೂರಿನ ಹುಡುಗನನ್ನು ಜುಲೈ ನಡುವೆ ಉಪ್ಪಳಕ್ಕೆ ವರ್ಗ ಮಾಡಿದರೆ ಅವನ ಆ ಅರ್ಧ ವರ್ಷದ ಲೆಕ್ಕ ಎಲ್ಲಿಂದ ಶುರು? ಇಂಥ ಪ್ರಶ್ನೆಗಳಿಗೇ ನಾವು ವಾರಗಟ್ಟಲೆ ಕೂತದ್ದುಂಟು. ಬೋನಸ್ಸೂ ಹಾಗೆ. ಕಾನೂನು ಒಂದೇ, ಕಡಿಮೆ ಅಂದರೆ 8.33 ಪರ್ಸೆಂಟ್. ಆದರೆ ಕೊಡುವ ಹೊತ್ತು ಈಚೆ ಓಣಂಗೆ, ಆಚೆ ದೀಪಾವಳಿಗೆ. ನವೆಂಬರ್ 1 ಆಚೆ ರಾಜ್ಯೋತ್ಸವದ ರಜೆ, ಈಚೆ ಮಾಮೂಲಿ ಕೆಲಸದ ದಿನ. ಒಂದೇ ಕಂಪನಿಗೆ ಎರಡು ಕ್ಯಾಲೆಂಡರ್ ಇಡುವುದು ನಮಗೆ ಹುಟ್ಟಿನಿಂದಲೇ ಅಭ್ಯಾಸ, ಸಾಫ್ಟ್‌ವೇರಿಗೆ ಕಲಿಸಬೇಕಾಯಿತು ಅಷ್ಟೆ.

ಸಂಬಳ ಚೀಟಿಯನ್ನು ಕನ್ನಡದಲ್ಲಿ ಕೊಡಬೇಕು ಅನ್ನುವುದು ನನ್ನ ಹಟ. ಭಾವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಮೊದಲ ಚೀಟಿ ಪಿಡಿಎಫ್ ಆಗಿ ಬಂದಾಗ "ಕೃಷ್ಣ" ಅನ್ನುವ ಹೆಸರಿನಲ್ಲಿ ಷ ಬೇರೆ, ಣ ಬೇರೆ, ಒತ್ತು ಎಲ್ಲೋ ನೇತಾಡುತ್ತಿತ್ತು. ನಾವು ಬಳಸಿದ ಸಲಕರಣೆಗೆ ಅಕ್ಷರ ಒಂದಾದ ಮೇಲೊಂದು ಇಡುವುದು ಗೊತ್ತಿತ್ತು, ಒತ್ತಕ್ಷರ ಕೂಡಿಸುವುದು ಗೊತ್ತಿರಲಿಲ್ಲ. ಅದನ್ನು ಬದಲಿಸಲು ಎರಡು ತಿಂಗಳು ಹೋಯಿತು. ಪದಗಳದ್ದು ಇನ್ನೊಂದು ರಗಳೆ. ನಾನು ದೊಡ್ಡ ಮನುಷ್ಯನ ಹಾಗೆ "ನಿವ್ವಳ ವೇತನ" ಅಂತ ಹಾಕಿದ್ದೆ. ಒಂದು ಶಾಲೆಯ ಆಯಾ ಅದನ್ನು ಓದಿ, "ಇದೆಂಥದ್ದು, ಇದೂ ಹಿಡಿದದ್ದಾ?" ಅಂತ ಕೇಳಿದರು. ಮರುದಿನವೇ "ಕೈಗೆ ಸಿಗುವ ಹಣ" ಅಂತ ಬದಲಿಸಿದೆ. ಮಲಯಾಳದ ಚೀಟಿಯನ್ನೂ ಅದೇ ಲೆಕ್ಕದಲ್ಲಿ, ಆಡುಮಾತಿನಲ್ಲೇ ಮಾಡಿದೆವು.

2020 ಬಂತು. ಮಾರ್ಚ್‌ನಲ್ಲಿ ಗಡಿ ಮುಚ್ಚಿತು, ಕೆಲವು ದಾರಿಗೆ ಮಣ್ಣೇ ತಂದು ಸುರಿದಿದ್ದರು. ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದವರೆಲ್ಲ ಮನೆಯಲ್ಲಿ. ಅವರದ್ದು ರಜೆಯಾ, ಗೈರುಹಾಜರಿಯಾ? ಒಬ್ಬೊಬ್ಬ ಮಾಲೀಕರದ್ದು ಒಂದೊಂದು ತೀರ್ಮಾನ. ನಾವು ಹಾಜರಿಯಲ್ಲಿ "ಗಡಿ ಬಂದ್" ಅಂತ ಒಂದು ಹೊಸ ಗುರುತೇ ಸೇರಿಸಿದೆವು. ಎಷ್ಟು ಸಂಬಳ ಅನ್ನುವುದನ್ನು ಅವರವರೇ ತುಂಬಿಸಲಿ ಅಂತ. ಅಷ್ಟರಲ್ಲಿ ಮೇ, ಜೂನ್, ಜುಲೈ ಮೂರು ತಿಂಗಳಿಗೆ ಪಿಎಫ್ ದರ 12ರಿಂದ 10 ಪರ್ಸೆಂಟಿಗೆ ಇಳಿಯಿತು. ನಾವೋ, 12 ಎಂಬ ಅಂಕಿಯನ್ನು ಪ್ರೋಗ್ರಾಮಿನ ಒಳಗೆ ಹದಿನಾಲ್ಕು ಕಡೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆದಿಟ್ಟಿದ್ದೆವು. ಮಾಲೀಕರ ಪಾಲಿನಲ್ಲಿ ಪಿಂಚಣಿಗೆ ಹೋಗುವ 8.33 ಹಾಗೇ ಉಳಿದು, ಉಳಿಕೆ 3.67ರಿಂದ 1.67ಕ್ಕೆ ಇಳಿಯಬೇಕು. ಅದು ಇನ್ನೂ ಕೆಲವು ಕಡೆ. ನಾಲ್ಕು ರಾತ್ರಿ ಎದ್ದು ಕೂತು ಎಲ್ಲ ಕಿತ್ತು, ದರಗಳನ್ನೆಲ್ಲ ಬೇರೆ ಪಟ್ಟಿಗೆ ಹಾಕಿದೆವು. ಪ್ರತಿ ದರದ ಎದುರು ಯಾವ ದಿನದಿಂದ, ಯಾವ ದಿನದವರೆಗೆ ಅಂತ ತಾರೀಕು. ಈ ಕೆಲಸಕ್ಕೆ ಯಾರಾದರೂ ಇಳಿಯುವುದಾದರೆ ಇದೊಂದನ್ನು ಮೊದಲ ದಿನವೇ ಮಾಡಿ. ಇಎಸ್‌ಐ ದರ 2019ರ ಜುಲೈಯಲ್ಲಿ ಇಳಿದಾಗಲೇ ಬುದ್ಧಿ ಬರಬೇಕಿತ್ತು, ಬಂದಿರಲಿಲ್ಲ.

ಅಷ್ಟು ಹೊತ್ತಿಗೆ ಆ ಬಟ್ಟೆ ಅಂಗಡಿಯೂ ನಮ್ಮದಾಗಿತ್ತು. ಅಕ್ಕ ಒಂದು ಷರತ್ತು ಹಾಕಿದ್ದರು: ಎಕ್ಸೆಲ್ ಬಿಡುವುದಿಲ್ಲ, ಎರಡನ್ನೂ ತಾಳೆ ನೋಡುತ್ತೇನೆ. 2022ರ ಆಗಸ್ಟ್ ಕೊನೆಗೆ ಫೋನ್ ಬಂತು. ಜೂನ್‌ನಲ್ಲಿ ನಾಲ್ಕು ಜನರ ಸಂಬಳ 21,500ಕ್ಕೆ ಏರಿತ್ತು. ಇಎಸ್‌ಐ ಮಿತಿ 21,000. ದಾಟಿದ ಕೂಡಲೇ ನಮ್ಮ ಸಾಫ್ಟ್‌ವೇರ್ ಇಎಸ್‌ಐ ಹಿಡಿಯುವುದನ್ನು ನಿಲ್ಲಿಸಿತ್ತು. ಅಕ್ಕನೂ ಈ ಬಾರಿ ನಮ್ಮನ್ನು ನಂಬಿಬಿಟ್ಟಿದ್ದರು. ಆದರೆ ನಿಯಮ ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ನಡುವೆ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು. ನೌಕರರ ಪಾಲು ಹಿಡಿಯದೆ ಬಿಟ್ಟುಹೋದರೆ ಅದನ್ನು ಮುಂದಿನ ಸಂಬಳದಲ್ಲಿ ಹಿಡಿಯುವ ಹಾಗೂ ಇಲ್ಲ. ಜೂನ್, ಜುಲೈ ಎರಡೂ ತಿಂಗಳ ಸಂಬಳ ಆಗಿಹೋಗಿತ್ತು. ಒಬ್ಬರಿಗೆ ತಿಂಗಳಿಗೆ 162 ರೂಪಾಯಿ, ನಾಲ್ಕು ಜನ, ಎರಡು ತಿಂಗಳು: 1,296. ಅದನ್ನೂ ತಡವಾದದ್ದಕ್ಕೆ ಬಡ್ಡಿಯನ್ನೂ ನಾವೇ ಕೊಟ್ಟೆವು. ಆದರೂ ಮಾಲೀಕರು ಮುಂದಿನ ವರ್ಷ ನಮ್ಮನ್ನು ಬಿಟ್ಟರು. ನ್ಯಾಯವೇ.

ಆಮೇಲೆ ಆದದ್ದೇ ವಿಚಿತ್ರ. ಅಕ್ಕ ಆ ಅಂಗಡಿ ಬಿಟ್ಟು ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿದರು. ಸೇರಿ ಎರಡೇ ತಿಂಗಳಿಗೆ ಫೋನ್: "ಇಲ್ಲಿ ನರ್ಸ್‌ಗಳ ನೈಟ್ ಡ್ಯೂಟಿ ಲೆಕ್ಕ ಭಾರೀ ಕಷ್ಟ ಉಂಟು. ನಿಮ್ಮದರಲ್ಲಿ ಆಗ್ತದಾ?" ಆಗುವುದಿಲ್ಲ, ಮಾಡಿಕೊಡುತ್ತೇವೆ ಅಂದೆ. ಆ ಆಸ್ಪತ್ರೆ ಒಂದೇ ನಮ್ಮ ಹಳೆಯ ಗಿರಾಕಿಗಳೆಲ್ಲ ಸೇರಿದಷ್ಟು ದೊಡ್ಡದು. ಆಗ ನಾನು ಹಳೆಯ ಪಟ್ಟಿ ತೆಗೆದು ನೋಡಿದೆ. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಬಂದದ್ದು ಕೆಲಸ ಬದಲಿಸಿದ ಅಕೌಂಟೆಂಟರಿಂದ, ಇಲ್ಲವೇ ಅವರ ಗುರುತಿನ ಟ್ಯಾಕ್ಸ್ ಕನ್ಸಲ್ಟೆಂಟರಿಂದ. ಮಾಲೀಕರಿಂದ ಮಾಲೀಕರಿಗೆ ಹೋದದ್ದು ಬೆರಳೆಣಿಕೆ. ಜಾಹೀರಾತಿಗೆ ಹಾಕಿದ ದುಡ್ಡು ಸುಮ್ನೆ ಹೋಯಿತು.

ಅಂದಿನಿಂದ ಮಾರಲು ಹೋಗುವುದು ಕಡಿಮೆ ಮಾಡಿದೆವು. ಪಿಎಫ್ ಕಟ್ಟಲು ಕೊನೆಯ ದಿನ 15. ಹತ್ತರಿಂದ ಹದಿನೈದರವರೆಗೆ ನಮ್ಮ ಐದು ಜನರಲ್ಲಿ ಮೂವರು ಫೋನಿಗೇ ಮೀಸಲು. ಕೇಳುವವರು ನಮ್ಮ ಗಿರಾಕಿ ಆಗಿರಬೇಕೆಂದಿಲ್ಲ. ಆಧಾರ್‌ನಲ್ಲಿ ಹೆಸರಿನ ಕೊನೆಗೆ ಒಂದು "ನ್" ಜಾಸ್ತಿ, ಪಿಎಫ್‌ನಲ್ಲಿ ಇಲ್ಲ, ಏನು ಮಾಡುವುದು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದ ತಿಂಗಳಿಲ್ಲ.

ಅಕ್ಕ ಈಗಲೂ ಎಕ್ಸೆಲ್ ಬಿಟ್ಟಿಲ್ಲ. ಮೊನ್ನೆ ಒಬ್ಬ ನರ್ಸಿನ ಇಎಸ್‌ಐಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂತು ಅಂತ ಫೋನ್ ಮಾಡಿದರು. ನೋಡಿದರೆ 127 ರೂಪಾಯಿ 35 ಪೈಸೆಯನ್ನು ಅವರ ಎಕ್ಸೆಲ್ 127ಕ್ಕೆ ಇಳಿಸಿತ್ತು. ಇಎಸ್‌ಐಯಲ್ಲಿ ಪೈಸೆ ಬಂದರೆ ಮೇಲಿನ ರೂಪಾಯಿಗೆ ಏರಿಸಬೇಕು, ನಮ್ಮದು 128 ಹಾಕಿತ್ತು. "ಸರಿ, ಈ ತಿಂಗಳು ನಿಮ್ಮದು ಸರಿ" ಅಂದು ಫೋನ್ ಇಟ್ಟರು.